ಹೋಳಿಗೆ ತಿಂದು ಬಂದ ಮುಷ್ಕರ

ಮುಷ್ಕರ ಹೂಡಿದವರು ಉಪವಾಸ ಕೂರುವುದನ್ನು ನೋಡಿದ್ದೇನೆ. ಹೋಳಿಗೆ ತಿಂದು ಬಂದವರನ್ನು ನೋಡಿದ್ದು ನಮ್ಮ ಮನೆಯಲ್ಲೇ.

ನಮ್ಮ ಮನೆಯವರು ಜೇವರ್ಗಿ ತಂಡಕ್ಕೆ ಸಂಬಳದ ಮೇಲೆ ಕಬಡ್ಡಿ ಆಡುತ್ತಿದ್ದರು. ಆಳಂದ, ಅಫಜಲಪುರ, ಜೇವರ್ಗಿ ತಂಡಗಳು ದೀಪಾವಳಿ ಮುಗಿದ ಮೇಲೆ ಶುರು ಮಾಡಿದರೆ ತೊಗರಿ ಕಟಾವಿಗೆ ಬರುವವರೆಗೆ ಆಟ. ಮೂರನ್ನೂ ನಡೆಸುತ್ತಿದ್ದವರು ಅಫಜಲಪುರದ ಒಬ್ಬ ದಾಲ್ ಮಿಲ್ಲಿನ ಸಾಹುಕಾರರು. ಆ ವರ್ಷದ್ದೇ ನಮ್ಮ ಮನೆಯವರ ಕಡೆಯ ಸೀಸನ್ನು. ವಯಸ್ಸಾಗಿತ್ತು, ಮುಂದಿನ ಸಲ ಯಾರೂ ಕರೆಯುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಕೊನೆಗೊಮ್ಮೆ ಮನಸಾರೆ ಆಡಿ ಬಿಡುತ್ತೇನೆ ಎಂದು ನಸುಕಿನಲ್ಲೇ ಎದ್ದು ಓಡುತ್ತಿದ್ದರು.

ಆಟ ಶುರುವಾದ ಸ್ವಲ್ಪ ದಿನಕ್ಕೇ ಆಳಂದದ ಮೈದಾನದಲ್ಲಿ ನರೋಣಾದ ಆಟಗಾರನೊಬ್ಬನ ಮೊಣಕಾಲು ಮುರಿಯಿತು. ಎರೆಮಣ್ಣಿನ ನೆಲ, ಒಣಗಿದರೆ ಕಲ್ಲೇ. ಆಂಬುಲೆನ್ಸ್ ಇರಲಿಲ್ಲ. ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಕಲಬುರಗಿಗೆ ಒಯ್ದರು. ಹಿಂದೆ ಕೂತು ಅವನನ್ನು ಅಪ್ಪಿ ಹಿಡಿದಿದ್ದವರು ಇವರೇ. ಮೈದಾನದಲ್ಲಿ ಆಂಬುಲೆನ್ಸ್ ನಿಲ್ಲುವವರೆಗೆ ಆಡುವುದಿಲ್ಲ ಎಂದು ಮೂರೂ ತಂಡದವರು ಕೂತುಬಿಟ್ಟರು. ಸರಿಯಾದ ಮಾತೇ. ನಾನೂ ಭೇಷ್ ಎಂದೆ.

ಆಮೇಲೆ ಶುರುವಾಯಿತು ನನ್ನ ತಲೆನೋವು. ಮಾತಾಡೋಣ ಬನ್ನಿ ಎಂದು ಸಾಹುಕಾರರು ಕರೆಯುವರು, ಇವರೂ ಜೊತೆಯ ಆಟಗಾರರೂ ಬಸ್ಸು ಹತ್ತಿ ಹೋಗುವರು. ನಮ್ಮ ಕಡೆ ಬಂದವರಿಗೆ ಉಣ್ಣಿಸದೆ ಮಾತಿಗೆ ಕೂರಿಸುವ ರೂಢಿಯೇ ಇಲ್ಲ. ಎಣ್ಣೆಗಾಯಿ, ಹೋಳಿಗೆ, ಮೇಲೆ ಧಾರಾಳವಾಗಿ ತುಪ್ಪ. ಉಂಡು ಕೈ ತೊಳೆದ ಮೇಲೆ ಉಣ್ಣಿಸಿದವರ ಎದುರು ಬಾಯಿ ಬರುವುದು ಹೇಗೆ? ಒಬ್ಬರ ಮುಖ ಒಬ್ಬರು ನೋಡಿ, ಇನ್ನೊಮ್ಮೆ ಬರುತ್ತೇವೆ ಎಂದು ಕೈ ಮುಗಿದು ಬರುವರು. ಏನಾಯಿತು ಎಂದು ಕೇಳಿದರೆ ಇವರದು ಒಂದೇ ಉತ್ತರ.

"ಉಂಡ ಮನಿ ಜಂತಿ ಎಣಸಬಾರ್ದು."

ಮೈಯೆಲ್ಲ ಉರಿಯುತ್ತಿತ್ತು ನನಗೆ. ಇದ್ದ ಒಂದು ಸೀಸನ್ನು ಕೈಬಿಟ್ಟು ಹೋಗುತ್ತಿದೆ, ಇವರು ಜಂತೆ ಎಣಿಸುವುದಿಲ್ಲವಂತೆ. ಹಗಲೆಲ್ಲ ಮನೆಯಲ್ಲಿ ಕೂತು ನನ್ನ ಒಗ್ಗರಣೆಗೆ ಹೆಸರಿಡಲು ಮಾತ್ರ ಬಾಯಿ ಚೆನ್ನಾಗಿಯೇ ಬರುತ್ತಿತ್ತು.

ಮತ್ತೊಮ್ಮೆ ಕರೆ ಬಂದಾಗ ನಾನೇ ಎಲ್ಲರಿಗೂ ರೊಟ್ಟಿ ಬಡಿದು, ಮೇಲೆ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಇಟ್ಟು ಬುತ್ತಿ ಕಟ್ಟಿದೆ. ಅವರ ಮನೆಯಲ್ಲಿ ನೀರು ಕುಡಿದರೂ ತಿರುಗಿ ಬರಬೇಡಿ ಎಂದು ಹೇಳಿದೆ. ಹೇಳಿದರೆ ಸಾಕೇ? ನಂಬಿಕೆ ಸಾಲದೆ ನಾನೂ ಜೊತೆಗೆ ಹೋದೆ.

ಸಾಹುಕಾರರು ಒಳಗೆ ತಾಟು ಹಾಕಿಸಿದ್ದರು. ಇವರು ಪಡಸಾಲೆಯಲ್ಲೇ ಬುತ್ತಿ ಬಿಚ್ಚಿದರು. ಸಾಹುಕಾರರ ಮುಖ ಸಣ್ಣದಾಯಿತು. ಎದುರಿಗೆ ಒಬ್ಬರು ನಿಂತಿರುವಾಗ ಕರೆಯದೆ ಉಣ್ಣುವುದುಂಟೇ? ಇವರು ಯೋಚನೆಯನ್ನೂ ಮಾಡದೆ ರೊಟ್ಟಿ ಮುರಿದು, ಹಿಂಡಿ ಹಚ್ಚಿ ಕೈ ಚಾಚಿದರು. "ಬರ್ರಿ ಸಾವ್ಕಾರ್ರೇ, ಊಟ ಮಾಡ್ರಿ."

ಚಾಚಿದ ಅನ್ನವನ್ನು ಬೇಡ ಎನ್ನಲಾಗದು. ಸಾಹುಕಾರರು ಕೂತರು, ತಿಂದರು, ಕೈ ತೊಳೆದರು.

"ನಿಮ್ಮ ರೊಟ್ಟಿ ತಿಂದೇನಿ, ಇನ್ನೇನ್ ಮಾತಾಡ್ಲಿ," ಎಂದರು. "ಗಾಡಿ ತರಸ್ತೇನಿ."

ಅಷ್ಟರಲ್ಲಿ ತೊಗರಿ ಕಟಾವಿಗೆ ಬಂದಿತ್ತು. ಆಟಗಾರರು ಹೊಲಕ್ಕೆ ಹೋದರು, ಸಾಹುಕಾರರು ಮಿಲ್ಲಿಗೆ. ಆ ವರ್ಷದ ಆಟ ಮತ್ತೆ ಶುರುವಾಗಲೇ ಇಲ್ಲ. ಅರ್ಧ ರೊಟ್ಟಿಯ ಕೆಲಸಕ್ಕೆ ಇಡೀ ಸೀಸನ್ನು ಕಳೆದರಲ್ಲ ಎಂದು ಅವತ್ತು ಮರಳುವ ಬಸ್ಸಿನಲ್ಲೇ ನಾನು ಸಿಟ್ಟಿಗೆ ಅತ್ತಿದ್ದೆ. ಇವರು ಕಿಟಕಿಯ ಆಚೆ ನೋಡುತ್ತ ಕೂತಿದ್ದರು.

ಮುಂದಿನ ವರ್ಷ ನಿರೀಕ್ಷೆಯಂತೆ ಯಾರೂ ಕರೆಯಲಿಲ್ಲ. ಜೇವರ್ಗಿಯ ಮೊದಲ ಪಂದ್ಯ ನೋಡಲು ಇಬ್ಬರೂ ಹೋದೆವು. ಬೇವಿನ ಗಿಡದ ಕೆಳಗೆ ಆಂಬುಲೆನ್ಸ್ ನಿಂತಿತ್ತು. ಅದರ ಡ್ರೈವರ್ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಇವನ ನಿದ್ದಿ ಸಲುವಾಗಿ ನಿಮ್ಮ ಆಟ ಹೋಯ್ತೇನ್ರಿ?"

"ಮಲಗಲಿ ಬಿಡು," ಎಂದರು ಅಂಕಣದಿಂದ ಕಣ್ಣು ಕೀಳದೆ. "ಅವ ಎದ್ದಾ ಅಂದ್ರ ಯಾರದೋ ಕಾಲು ಮುರದಂಗ. ಅವ್ನಿಗಿ ಎಚ್ಚರ ಆಗಬಾರ್ದು ಅಂತನೇ ನಾವು ಆಟ ಬಿಟ್ಟು ಕುಂತಿದ್ದು."

ಆಗ ಹುಡುಗನೊಬ್ಬ ಗೆರೆ ದಾಟಿ ಎದುರಾಳಿಗಳತ್ತ ನುಗ್ಗಿದ. ಇವರ ತುಟಿಗಳು ಕಬಡ್ಡಿ ಕಬಡ್ಡಿ ಎಂದು ಸದ್ದಿಲ್ಲದೆ ಅಲುಗಾಡತೊಡಗಿದವು. ಅವನು ತಿರುಗಿ ಬಂದು ಗೆರೆ ಮುಟ್ಟುವವರೆಗೂ ಇವರು ಉಸಿರೆಳೆದುಕೊಳ್ಳಲಿಲ್ಲ.