ಮಾಳಾದ ಕೆಳಗಿನ ಧೀಂಗಿಣ

ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಕಾಯಿಸುವ ಪರಿಮಳ ಮೂಗಿಗೆ ಬಿತ್ತೆಂದರೆ ನನ್ನ ಕೈ ತಾನಾಗಿ ಮೊಣಕಾಲಿಗೆ ಹೋಗುತ್ತದೆ. ನಾನು ಜನ್ಮದಲ್ಲಿ ಒಂದು ಹೆಜ್ಜೆ ಕುಣಿದವಳಲ್ಲ. ಮದುವೆಮನೆಗಳಲ್ಲಿ ಎಳೆದು ನಡುವೆ ನಿಲ್ಲಿಸಿದರೂ ಚಪ್ಪಾಳೆ ತಟ್ಟಿ ಪಾರಾದವಳು. ಆದರೂ ಆ ಎಣ್ಣೆಯ ವಾಸನೆಗೆ ನೋಯುವುದು ನನ್ನದೇ ಕಾಲು. ಮುಂಬಯಿಯ ಮುಲುಂಡಿನ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಅದನ್ನು ಕಾಯಿಸುವವಳು ಮಗಳು ದೀಕ್ಷಾ. ಅವಳ ಬಳಿ ಯಕ್ಷಗಾನ ಕಲಿಯಲು ಬರುವ ಮಕ್ಕಳ ಕಾಲಿಗೆ ತಿಕ್ಕಲಿಕ್ಕೆ. ಮೊನ್ನೆ ಬಾಟಲಿಗೆ ಎಣ್ಣೆ ಸುರಿಯುತ್ತ, "ಅಮ್ಮಾ, ಇವತ್ತು ಕ್ಲಾಸಿಗೆ ನೀನೂ ಬಾ. ಒಂದು ಹುಡುಗಿಗೆ ಹಾರ್ಲಿಕ್ಕೆ ಆಗ್ತಾ ಇಲ್ಲ," ಎಂದಳು. ಹಾರಲು ಬಾರದ ಹುಡುಗಿಗೂ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವ ನನಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸಂಬಂಧ ಉಂಟು. ಅದನ್ನು ಹೇಳಬೇಕಾದರೆ ನಿಮ್ಮನ್ನು ಒಮ್ಮೆ ಕುರ್ಲಾಕ್ಕೆ ಕರೆದುಕೊಂಡು ಹೋಗಬೇಕು.

ಆಗ ನಾವು ಕುರ್ಲಾದ ಒಂದು ಚಾಳಿನಲ್ಲಿದ್ದೆವು. ಒಂದೇ ಖೋಲಿ, ಅದಕ್ಕೊಂದು ಮಾಳಾ. ಮಾಳಾ ಎಂದರೆ ಅರ್ಧ ಕೋಣೆಗೆ ಹಲಗೆ ಹೊಡೆದು ಮಾಡಿದ ಅಟ್ಟ. ಅದರ ಮೇಲೆ ನನ್ನ ಮದುವೆಯ ಟ್ರಂಕು, ವರ್ಷಕ್ಕೊಮ್ಮೆ ಇಳಿಯುವ ಹಂಡೆ, ಊರಿಂದ ಬರುವವರಿಗೆಂದು ಸುತ್ತಿಟ್ಟ ಹಾಸಿಗೆಗಳು. ಅದರ ಕೆಳಗೆ ನಮ್ಮ ಸಂಸಾರ. ನನ್ನಂಥ ಕುಳ್ಳಿಯ ಬೈತಲೆಗೂ ಅದರ ತೊಲೆ ತಾಗುತ್ತಿತ್ತು. ಸ್ಟೇಶನ್ನಿನ ಬಳಿಯ ಹೋಟೆಲಿನಲ್ಲಿ ಕೌಂಟರು ನೋಡಿಕೊಳ್ಳುತ್ತಿದ್ದ ನಮ್ಮ ಯಜಮಾನರಂತೂ ಮನೆಯೊಳಗೆ ಸದಾ ಯಾರಿಗೋ ನಮಸ್ಕಾರ ಮಾಡುವವರ ಹಾಗೆ ಓಡಾಡುತ್ತಿದ್ದರು. ಬೇರೆಯವರ ಮನೆಯಲ್ಲಿ ಅತಿಥಿಗಳಿಗೆ "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಾರೆ. ನಮ್ಮಲ್ಲಿ "ತಲೆ, ತಲೆ!" ಎಂದು ಕೂಗುತ್ತಿದ್ದೆವು. ಹೀಗೆ ಕೂಗಿಸಿಕೊಂಡೇ ಒಳಗೆ ಬಂದವರಿಗೆ ಚಹಾ ಕೊಡುವಾಗ ನನಗೆ ಸ್ವಲ್ಪ ನಾಚಿಕೆಯಾಗುತ್ತಿದ್ದುದು ನಿಜ.

ದೀಕ್ಷಾ ಆಗ ಶಾಲೆಗೆ ಹೋಗುವ ಹುಡುಗಿ. ಒಮ್ಮೆ ನಮ್ಮೂರಿನವರ ಸಂಘದ ವಾರ್ಷಿಕೋತ್ಸವದಲ್ಲಿ ಯಕ್ಷಗಾನವಿತ್ತು. ಅದರಲ್ಲೊಂದು ಪುಂಡುವೇಷ, ಅಂದರೆ ಮೀಸೆ ಮೂಡದ ಪ್ರಾಯದ ಶೂರನ ವೇಷ, ಚೆಂಡೆಯ ಪೆಟ್ಟಿಗೆ ಸರಿಯಾಗಿ ರಂಗಸ್ಥಳಕ್ಕೆ ಸುತ್ತು ಬರುತ್ತ ಗಾಳಿಯಲ್ಲೇ ಮೈ ತಿರುಗಿಸಿ ತಿರುಗಿಸಿ ಹಾರಿತು. ಇದೇ ಧೀಂಗಿಣ. ನೋಡುವವರಿಗೆ ನೆಲವೇ ಮಗುವನ್ನು ಮೇಲಕ್ಕೆ ಎಸೆದಂತೆ ಕಾಣುತ್ತದೆ. ನನ್ನ ಮಗಳು ಬಾಯಿಗಿಟ್ಟ ಬೊಂಡವನ್ನು ಅಗಿಯುವುದನ್ನೇ ಮರೆತಳು. ಮರುವಾರದಿಂದ ಪ್ರತಿ ಭಾನುವಾರ ಲೋಕಲ್ ಹಿಡಿದು ಮುಲುಂಡಿನ ಒಂದು ಸಭಾಗೃಹಕ್ಕೆ ಹೋಗುವುದು ನಮ್ಮಿಬ್ಬರಿಗೆ ಖಾಯಂ ಆಯಿತು. ಊರಿನ ಮೇಳಗಳಲ್ಲಿ ವೇಷ ಮಾಡಿ, ಈಗ ಮಗನ ಮನೆಯಲ್ಲಿದ್ದ ಒಬ್ಬ ಗುರುಗಳು ಅಲ್ಲಿ ಕಲಿಸುತ್ತಿದ್ದರು. ಎತ್ತರದ ಆಳು, ದೊಡ್ಡ ಸ್ವರ. ಮಕ್ಕಳನ್ನು ಬೈದರೆ ಹೊರಗಿನ ರಿಕ್ಷಾದವರೂ ಒಮ್ಮೆ ತಿರುಗಿ ನೋಡುತ್ತಿದ್ದರು.

ವಾರದ ಉಳಿದ ದಿನ ಅಭ್ಯಾಸ ಎಲ್ಲಿ? ಖೋಲಿಯಲ್ಲೇ. ಕಿಟಕಿಯ ಕಡೆ ಮಂಚವಿದ್ದುದರಿಂದ ಖಾಲಿ ನೆಲವಿದ್ದದ್ದು ಮಾಳಾದ ಕೆಳಗೆ ಮಾತ್ರ. ಅವಳು ಒಮ್ಮೆ ಹಾರಿದರೆ ಕೆಳಗಿನ ಖೋಲಿಯ ಕಾಕು, ನಾವೆಲ್ಲ ಚಿಕ್ಕಮ್ಮ ಎಂಬಂತೆ ಹಾಗೆ ಕರೆಯುತ್ತಿದ್ದ ಮರಾಠಿ ಹೆಂಗಸು, ಹೊರಗೆ ಬಂದು ಮೇಲೆ ನೋಡಿ, "ಕಾಯ್ ಪಡ್ಲ ಗ?" ಎಂದು ಕೂಗುತ್ತಿದ್ದಳು. ಏನು ಬಿತ್ತೇ, ಅಂತ. ನಾನು "ಕಾಹಿ ನಾಹಿ ಕಾಕು" ಎನ್ನುವಷ್ಟರಲ್ಲಿ ಇನ್ನೊಂದು ಬಿದ್ದಿರುತ್ತಿತ್ತು. ಕಾಕು ಒಳ್ಳೆಯವಳು, ಆದರೆ ಅವಳ ಪಾತ್ರೆಯ ಕಪಾಟು ನಡುಗಿದರೆ ಯಾರಾದರೂ ಎಷ್ಟು ದಿನ ಸುಮ್ಮನಿದ್ದಾರು? ಗುರುಗಳಿಗೆ ಹೇಳಿದೆ. ಅವರಿಗೆ ಖುಷಿಯೋ ಖುಷಿ. "ಒಳ್ಳೇದೇ ಆಯ್ತಲ್ಲ! ಶಬ್ದ ಬಂತು ಅಂದ್ರೆ ಹಿಮ್ಮಡಿ ಮೇಲೆ ಬಿದ್ದಿದ್ದಾಳೆ ಅಂತ ಲೆಕ್ಕ. ಕಾಲಿನ ಬೆರಳು ಮೊದಲು, ಆಮೇಲೆ ಪಾದ, ಆಮೇಲೆ ಮೊಣಕಾಲು ಬಗ್ಗಿ ನೆಲಕ್ಕೆ ಕೂತ ಹಾಗೆ ಇಳೀಬೇಕು. ಸರಿಯಾಗಿ ಇಳಿದವಳಿಗೇ ಮತ್ತೆ ಹಾರ್ಲಿಕ್ಕೆ ಆಗುದು. ಕೆಳಗಿನವರು ಕೇಳುದು ನಿಲ್ಲಿಸಿದ ದಿವಸ ನನಗೆ ಹೇಳಿ," ಎಂದರು.

ಹೀಗೆ ಮರಾಠಿಯ ಕಾಕು ಯಕ್ಷಗಾನದ ಪರೀಕ್ಷಕಿಯಾದಳು. ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಸಂಜೆ ನಳ್ಳಿಯ ಹತ್ತಿರ ಸಿಕ್ಕಿ, ಹುಡುಗಿಗೆ ಹುಷಾರಿಲ್ಲವೇ, ಆಜ್ ಕಾಹಿ ಪಡ್ಲ ನಾಹಿ, ಇವತ್ತು ಏನೂ ಬೀಳಲಿಲ್ಲವಲ್ಲ, ಎಂದು ಕಾಳಜಿಯಿಂದ ಕೇಳಿದಳು. ದೀಕ್ಷಾ ಆಗಷ್ಟೇ ಬೆವರು ಒರೆಸಿಕೊಂಡು ಕೂತಿದ್ದಳು. ನಾನು ತುಂಬಿದ ಕೊಡವನ್ನು ಅಲ್ಲೇ ಬಿಟ್ಟು ಓಡಿ ಬಂದು ಅವಳನ್ನು ಅಪ್ಪಿಕೊಂಡೆ.

ಇಳಿಯಲು ಬಂತು, ಇನ್ನು ಏರಬೇಕು. ಈ ವಿಷಯದಲ್ಲಿ ಮುಂಬಯಿಯ ಅರ್ಧ ಜನ ನನಗೆ ಸಲಹೆ ಕೊಟ್ಟಿದ್ದಾರೆ. ಒಬ್ಬರು ಮೊಟ್ಟೆ ಎಂದರು, ಇನ್ನೊಬ್ಬರು ರಾಗಿ ಎಂದರು. ನಾನು ಎರಡನ್ನೂ ಕೊಟ್ಟೆ. ಶಾಲೆಯ ಪಿ.ಟಿ. ಟೀಚರು ಹಗ್ಗದಾಟ ಆಡಿಸಿ, ತುದಿಗಾಲಲ್ಲಿ ಏರಿಳಿಯಲಿ ಎಂದರು. ಚಾಳಿನ ಮೆಟ್ಟಿಲ ಮೇಲೆ ಅದೂ ನಡೆಯಿತು, ಜೊತೆಗೆ ನಿಂತು ಮಾಡಿ ತೋರಿಸಲು ಹೋಗಿ ನಾನು ಎರಡು ದಿನ ಗೋಡೆ ಹಿಡಿದು ನಡೆದೆ. ಗುರುಗಳು ಮಾತ್ರ ಕೈಯ ಮೇಲೆ ಕಣ್ಣಿಟ್ಟಿದ್ದರು. "ಕಾಲು ಒಂದೇ ಹಾರುದಲ್ಲ ಮಗಾ. ಕೈ ಬೀಸಿದ್ರೆ ಅದು ನಿನ್ನನ್ನು ಎಳ್ಕೊಂಡು ಹೋಗ್ತದೆ. ಮೊದಲು ಚೆನ್ನಾಗಿ ಬಗ್ಗು, ಉಸಿರು ತಗೊ, ಆಮೇಲೆ ಬಿಡು." ಮಗಳು ಬಗ್ಗಿದಳು, ಬೀಸಿದಳು, ಏರಿದಳು. ರಾತ್ರಿ ನಾನು ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಅವಳ ಮೊಣಕಾಲಿಗೆ ತಿಕ್ಕುತ್ತಿದ್ದೆ. ನಿದ್ದೆ ಸರಿಯಾದ ದಿನ ಇನ್ನೂ ಒಂದಿಷ್ಟು ಹೆಚ್ಚೇ ಏರುತ್ತಿದ್ದಳು. ಅದನ್ನು ಕಂಡುಹಿಡಿದವಳು ನಾನು, ದಯವಿಟ್ಟು ಅಷ್ಟು ಕೀರ್ತಿಯಾದರೂ ನನಗಿರಲಿ.

ಆದರೆ ಒಂದು ವಿಚಿತ್ರ ನಡೆಯಿತು. ಹಾರಿಕೆ ಎತ್ತರವಾದಷ್ಟೂ ಅವಳ ತಲೆ ಕೆಳಗಾಯಿತು. ಮೇಲೆ ಹೋದ ಕೂಡಲೇ ಕತ್ತು ಕುಗ್ಗಿ ಗಲ್ಲ ಎದೆಗೆ ತಾಗುತ್ತಿತ್ತು. ಗುರುಗಳು ಹೇಳಿ ನೋಡಿದರು, ಬೈದು ನೋಡಿದರು. ಕೊನೆಗೆ ನನ್ನನ್ನು ಕರೆದು, "ಕಾಲುಂಟು, ಉಸಿರುಂಟು, ತಾಳ ತಪ್ಪುದಿಲ್ಲ. ಆದ್ರೆ ತಲೆ ಎಂತಕ್ಕೆ ತಗ್ಗಿಸುದು ಇವಳು? ಕಿರೀಟ ಕಟ್ಟಿದ ಮೇಲೆ ಹೀಗೆ ಮಾಡಿದ್ರೆ ಅದು ಮೂಗಿನ ಮೇಲೆ ಬಂದು ಕೂತ್ಕೊಳ್ತದೆ. ದೀಪಾವಳಿ ಒಳಗೆ ಸರಿಯಾಗದಿದ್ರೆ ಈ ವರ್ಷ ಸಖಿ ವೇಷ ಮಾಡ್ಲಿ. ಬೇಜಾರು ಮಾಡ್ಬೇಡಿ," ಎಂದರು. ಪುಂಡುವೇಷಕ್ಕೆಂದೇ ವರ್ಷವಿಡೀ ಮೈ ಮುರಿದು ಕಲಿತ ಹುಡುಗಿಗೆ ಹೂವಿನ ತಟ್ಟೆ ಹಿಡಿದು ನಿಲ್ಲುವ ಸಖಿ! ಹಿಂದಿರುಗುವ ಲೋಕಲಿನಲ್ಲಿ ಅವಳು ಕಿಟಕಿಗೆ ಮುಖ ಕೊಟ್ಟು ಕೂತಳು. "ಅಮ್ಮಾ, ನಾನು ಜಾನ್‌ಬೂಝ್‌ಕೇ ಮಾಡುದಲ್ಲ. ಹೋ ಜಾತಾ ಹೈ. ನನಗೆ ಪತಾ ಸಹ ಆಗುದಿಲ್ಲ," ಎಂದು ಅತ್ತಳು. ಬೇಕೆಂದು ಅಲ್ಲ, ತಾನಾಗಿ ಆಗಿಹೋಗುತ್ತದೆ ಅಂತ. ನಾನು ಕರವಸ್ತ್ರ ಕೊಟ್ಟೆ.

ಆ ವಾರ ಗುರುಗಳಿಗೆ ಕುರ್ಲಾದಲ್ಲಿ ಯಾವುದೋ ಗೃಹಪ್ರವೇಶ. ಮುಗಿಸಿಕೊಂಡು ನಮ್ಮಲ್ಲಿಗೂ ಬಂದರು. ನನಗೋ ಸಂಭ್ರಮ. ಒಲೆಯ ಮೇಲಿನ ಚಹಾ ಉಕ್ಕುತ್ತಿತ್ತು, ಅತ್ತ ಓಡಿದವಳು ನಮ್ಮ ಮನೆಯ ಸ್ವಾಗತವನ್ನೇ ಮರೆತೆ. ದಢ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಗುರುಗಳು ಎರಡೂ ಕೈಯಲ್ಲಿ ಹಣೆ ಒತ್ತಿಕೊಂಡು ಮಾಳಾದ ತೊಲೆಯ ಮುಂದೆ ಕೂತಿದ್ದಾರೆ. ಕೆಳಗಿನಿಂದ ಕಾಕುವಿನ ಸ್ವರ: "ಕಾಯ್ ಪಡ್ಲ ಗ?" ನಾನು ನೀರು ತರುವುದೋ ಅರಸಿನ ತರುವುದೋ ಎಂದು ತಡಬಡಿಸುತ್ತಿರುವಾಗ ಅವರು ಮೆಲ್ಲನೆ ತಲೆಯೆತ್ತಿ ತೊಲೆಯನ್ನು ನೋಡಿದರು. ಆಮೇಲೆ ಅದರ ಕೆಳಗೆ ಚಾಪೆ ಮಡಚುತ್ತಿದ್ದ ದೀಕ್ಷಾಳನ್ನು ನೋಡಿದರು.

"ನೀನು ಪ್ರಾಕ್ಟೀಸು ಮಾಡುದು ಇಲ್ಲಿಯಾ?"

"ಹಾಂ ಗುರುಗಳೇ."

ಅವರು ಹಣೆಯ ಬುಗುಟನ್ನೂ ಮರೆತು ನಗತೊಡಗಿದರು. "ಹಾಗಾದ್ರೆ ಇವಳ ಗುರು ನಾನಲ್ಲ ಮಾರಾಯ್ರೆ, ಈ ಮರದ ತುಂಡು! ಇದು ಕಲಿಸಿದ್ದನ್ನು ಇವಳು ಎಷ್ಟು ಚಂದ ಕಲ್ತಿದ್ದಾಳೆ ನೋಡಿ!"

ನಾವು ಬೆಳಗಿನಿಂದ ರಾತ್ರಿಯವರೆಗೆ ಕತ್ತು ಬಗ್ಗಿಸಿಯೇ ಬದುಕುವವರು. ಎದುರಿಗಿದ್ದದ್ದು ನಮಗೆ ಹೇಗೆ ಕಾಣಬೇಕು? ಕತ್ತಿಗೆ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ, ಕಣ್ಣಿಗೆ ಕೆಲಸ ಕೊಡಿ ಎಂದರು ಗುರುಗಳು. ಬಯಲಿಗೆ ಕರೆದುಕೊಂಡು ಹೋಗಿ, ಎತ್ತರದಲ್ಲಿ ಏನಾದರೂ ಹಿಡಿದು, ಅದನ್ನೇ ನೋಡುತ್ತ ಹಾರಿಸಬೇಕು. ಯಜಮಾನರು ಹೋಟೆಲಿನಿಂದ ಗೋಳಿಬಜೆ ತಂದು, ಕಾಗದದಲ್ಲಿ ಕಟ್ಟಿ, ಬಟ್ಟೆ ಒಣಗಿಸುವ ಕೋಲಿನ ತುದಿಗೆ ತೂಗಹಾಕಿದರು. ಬೆಳಿಗ್ಗೆ ಮೈದಾನದಲ್ಲಿ ಕ್ರಿಕೆಟ್ಟಿನ ಹುಡುಗರು ಬರುವ ಮೊದಲು ಅಪ್ಪ ಕೋಲು ಎತ್ತಿ ನಿಲ್ಲುವುದು, ಮಗಳು ಗೋಳಿಬಜೆಯ ಮೇಲೆ ಕಣ್ಣಿಟ್ಟು ಹಾರುವುದು. ಮೊದಲ ದಿನ ಅದು ಕಾಗೆಯ ಪಾಲಾಯಿತು. ಆಮೇಲಿನ ದಿನಗಳಲ್ಲಿ ಕಾಗೆ ಓಡಿಸುವ ಕೆಲಸ ನನಗೆ ಬಂತು. ದಾರಿಹೋಕರು ನಿಂತು ನೋಡಿದರೆ ಯಜಮಾನರು ಕೋಲನ್ನು ಇನ್ನಷ್ಟು ಗತ್ತಿನಿಂದ ಹಿಡಿಯುತ್ತಿದ್ದರು. ದೀಪಾವಳಿಯ ಹೊತ್ತಿಗೆ ಗುರುಗಳು ಅವಳ ತಲೆಗೆ ಕಿರೀಟವಿಟ್ಟು ಹಾರಿಸಿ ನೋಡಿದರು. ಸಖಿಯ ಪಾತ್ರವನ್ನು ಬೇರೊಬ್ಬಳಿಗೆ ಕೊಟ್ಟರು.

ಆಟದ ದಿನ ಕಾಕುವನ್ನೂ ಕರೆದುಕೊಂಡು ಹೋದೆವು. ಪರೀಕ್ಷಕಿ ಇಲ್ಲದೆ ಹೇಗೆ? ಪುಂಡುವೇಷ ಪ್ರವೇಶವಾಯಿತು. ಬಣ್ಣ ಹಚ್ಚಿದ ಆ ಮುಖ ನಾನು ಹೆತ್ತದ್ದೆಂದು ನನಗೇ ನಂಬಿಕೆ ಬರಲಿಲ್ಲ. ಬಯಲಿನಲ್ಲಿ ಬಂದದ್ದು ಜನರ ಮುಂದೆ ಬರುತ್ತದೆಯೇ, ಆ ತೊಲೆ ಮತ್ತೆ ನೆನಪಾದರೆ ಏನು ಗತಿ ಎಂದು ನನ್ನ ಎದೆ ಚೆಂಡೆಗಿಂತ ಜೋರಾಗಿ ಬಡಿಯುತ್ತಿತ್ತು. ಅವಳು ಬಗ್ಗಿದಳು, ಕೈ ಬೀಸಿದಳು, ಹಾರಿದಳು.

ಅಷ್ಟರಲ್ಲಿ ನನಗೆ ಕಂಡದ್ದು ನನ್ನದೇ ಮಡಿಲು. ಅವಳು ಮೇಲೇರಿದ ಕ್ಷಣಕ್ಕೆ ಸರಿಯಾಗಿ ನಾನು ಕುರ್ಚಿಯಲ್ಲೇ ತಲೆ ತಗ್ಗಿಸಿದ್ದೆ! ಪಕ್ಕಕ್ಕೆ ನೋಡಿದರೆ ಯಜಮಾನರದ್ದೂ ಅದೇ ಭಂಗಿ. ಅವರಾಚೆ, ಅದೇ ಚಾಳಿನ ಅಂಥದೇ ಮಾಳಾದ ಕೆಳಗೆ ಬಾಳಿದ ಕಾಕುವೂ ಕತ್ತು ಕುಗ್ಗಿಸಿ ಕೂತಿದ್ದಳು. "ಆಪಣಚ್ ವಾಕಲೋ ಗ," ಎಂದು ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಬಗ್ಗಿದವರು ನಾವೇ. ತಲೆಯೆತ್ತಿ ನೋಡಿದೆ. ನನ್ನ ಮಗಳು ಸುತ್ತು ಬರುತ್ತಿದ್ದಳು, ಗಲ್ಲ ಮೇಲೆ, ಕಣ್ಣು ಮೇಲೆ, ಕಿರೀಟ ಇಟ್ಟಲ್ಲೇ. ಅಷ್ಟು ಹೆಮ್ಮೆಯನ್ನು ನಾನು ಅದಕ್ಕೆ ಮೊದಲು ಪಟ್ಟವಳಲ್ಲ. ಜನ ಚಪ್ಪಾಳೆ ತಟ್ಟಿದರು. ನನಗೆ, ಚಪ್ಪಾಳೆಯಲ್ಲಿ ಅಷ್ಟು ಅನುಭವವಿದ್ದವಳಿಗೆ, ಅಂದು ಕೈಯೇ ಏಳಲಿಲ್ಲ.

ಇಷ್ಟು ಹೇಳಿದ ಮೇಲೆ ಮೊನ್ನೆಯ ಭಾನುವಾರಕ್ಕೆ ಬರಬಹುದು. ದೀಕ್ಷಾಳ ಕ್ಲಾಸಿನಲ್ಲಿ ಹಾರಲಾರದ ಹುಡುಗಿಯ ಹೆಸರು ಭೂಮಿಕಾ. ಅಪ್ಪ ಅಮ್ಮ ವಿಜಯಪುರದ ಕಡೆಯವರು, ಇಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಬಂದವರು. ಹುಡುಗಿ ಎಣ್ಣೆ ತಿಕ್ಕಿಸಿಕೊಂಡು ಎದ್ದು ಹಾರಿದಳು. ನೋಡಿದ ಕೂಡಲೇ ನನಗೆ ನಗು ಬಂತು. ಅದೇ ಕತ್ತು, ಅದೇ ಗಲ್ಲ.

"ನಿಮ್ಮ ಮನೆ ಮೇಲೆ ಎಂತ ಉಂಟು?" ಎಂದು ದೀಕ್ಷಾ ಕೇಳಿದಳು.

"ಪತ್ರಾ ಐತ್ರಿ ಅಕ್ಕಾರ. ಭಾಳ ತೆಳಗ ಐತಿ. ಬ್ಯಾಸಗ್ಯಾಗ ಮುಟ್ಟಿದ್ರ ಸುಡತೈತಿ," ಎಂದಳು ಹುಡುಗಿ. ತಗಡಿನ ಸೂರು, ಅಂತ.

ದೀಕ್ಷಾ ನನ್ನ ಕಡೆ ನೋಡಿ ಕೋಲು ಕೊಟ್ಟಳು. ತುದಿಯಲ್ಲಿ ಕಾಗದದ ಪೊಟ್ಟಣ, ಅದರೊಳಗೆ ನಮ್ಮ ಯಜಮಾನರು ಬೆಳಿಗ್ಗೆಯೇ ತಂದಿಟ್ಟಿದ್ದ ಗೋಳಿಬಜೆ. "ಅಮ್ಮಾ, ಇನ್ನೂ ಮೇಲೆ ಹಿಡಿ," ಎಂದಳು. ಹಿಡಿದೆ. ಹುಡುಗಿ ಪೊಟ್ಟಣ ನೋಡಿದಳು, ಬಗ್ಗಿದಳು, ಹಾರಿದಳು. ತಲೆ ಈಗಲೂ ತಗ್ಗಿತು, ಆದರೆ ಕಣ್ಣು ಕೋಲಿನ ತುದಿಯನ್ನು ಬಿಡಲಿಲ್ಲ. ಅಷ್ಟಾದರೆ ಉಳಿದದ್ದು ಬರುತ್ತದೆಂದು ನನಗೆ ಗೊತ್ತು. ನನ್ನ ತಲೆ ಈ ಸಲ ನೆಟ್ಟಗೇ ಇತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ ಅವಳ ಅಮ್ಮ ಮಾತ್ರ, ಮಗಳು ಏರಿದ ಕೂಡಲೇ, ಯಾವ ಸೂರೂ ತಾಗದ ಆ ದೊಡ್ಡ ಹಾಲಿನಲ್ಲಿ ಸೆರಗು ಹಿಡಿದುಕೊಂಡು ಕತ್ತು ಬಗ್ಗಿಸಿದಳು.

ನಾನು ಕೋಲು ಇಳಿಸದೆಯೇ ಅವಳನ್ನು ಹತ್ತಿರ ಕರೆದೆ. "ಮೊದಲಿಗೆ ಎಲ್ಲರಿಗೂ ಹಾಗೇ ಆಗ್ತದೆ. ಬನ್ನಿ, ಇಲ್ಲಿಂದ ನೋಡಿ," ಎಂದೆ. "ನಿಮ್ಮ ಮಗಳು ಹಾರುದು ಮೇಲೆ, ಕೆಳಗಲ್ಲ."