ಮೂರನೆಯ ನಕ್ಷತ್ರ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವಳು ನಾನು. ನರ್ಸ್ ಕೆಲಸದಲ್ಲಿ ಸಾವು ದಿನನಿತ್ಯದ ಮಾತು. ಅದರ ಸುತ್ತ ಕಥೆ ಕಟ್ಟುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ, ಒಂಬತ್ತನೇ ಮಹಡಿಯ ಫ್ಲ್ಯಾಟಿನಲ್ಲಿದ್ದ ಒಬ್ಬ ಯಹೂದಿ ಹಿರಿಯರನ್ನು ನೋಡಿಕೊಳ್ಳುತ್ತಿದ್ದೆ. ಖಗೋಳಶಾಸ್ತ್ರ ಕಲಿಸಿ ನಿವೃತ್ತರಾದವರು. ಎರಡೂ ಕಣ್ಣು ಹೋಗಿದ್ದವು. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಅವರ ಸಬ್ಬತ್, ಬೆಂಕಿ ಹಚ್ಚುವುದೂ ಸೇರಿ ಯಾವ ಕೆಲಸವನ್ನೂ ಮಾಡಬಾರದ ವಿಶ್ರಾಂತಿಯ ದಿನ. ಆಗ ಫೋನ್ ಆಫ್ ಆಗಿ ಕಪಾಟು ಸೇರುತ್ತಿತ್ತು, ನನ್ನ ಕೈಯಿಂದ ಫೋನ್ ಮಾಡಿಸುವುದಕ್ಕೂ ಅವರು ಒಪ್ಪುತ್ತಿರಲಿಲ್ಲ. ಆಕಾಶದಲ್ಲಿ ಮೂರು ನಕ್ಷತ್ರ ಕಂಡರೆ ಸಬ್ಬತ್ ಮುಗಿದಂತೆ. ಸಮಯ ಬರೆದ ಪಟ್ಟಿಯೂ ಇದೆಯಂತೆ, ಆದರೆ ಜೀವಮಾನವೆಲ್ಲ ಆಕಾಶ ನೋಡಿದವರು ಗಡಿಯಾರದ ಮಾತು ಕೇಳಲು ತಯಾರಿರಲಿಲ್ಲ. ಹಾಗಾಗಿ ಬಾಲ್ಕನಿಯಲ್ಲಿ ನಿಂತು ಎಣಿಸುವ ಕೆಲಸ ನನ್ನದಾಯಿತು. ಮೂರಾದ ಮೇಲೆ ನಾನು ಫೋನ್ ತಂದು ಕೈಗಿಡುವುದು, ಅವರು ಮಗಳಿಗೆ ಮಾಡುವುದು ಪ್ರತಿ ಶನಿವಾರದ ರೂಢಿ.

ನಾನು ಎಣಿಸುವಾಗ ಅವರು ಪಕ್ಕದಲ್ಲಿ ಕೂತು ಮಾತಾಡುತ್ತಿದ್ದರು. ಸೃಷ್ಟಿಯ ನಾಲ್ಕನೇ ದಿನ ದೇವರು ಆಕಾಶದಲ್ಲಿ ದೀಪಗಳನ್ನಿಟ್ಟನಂತೆ; ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಾನೆ, ಒಂದೂ ಬಾರದೆ ಉಳಿಯುವುದಿಲ್ಲ ಎಂದು ಅವರ ಗ್ರಂಥಗಳಲ್ಲಿದೆಯಂತೆ. ಎಷ್ಟು ವರ್ಷ ದೂರದರ್ಶಕಕ್ಕೆ ಕಣ್ಣಿಟ್ಟರೂ ಆ ಬೆರಗು ತೀರಲಿಲ್ಲ ಎನ್ನುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ, ಅಷ್ಟೆ. ಒಮ್ಮೆ ವಿಮಾನದ ದೀಪವನ್ನೇ ಮೂರನೆಯದೆಂದು ಹೇಳಿಬಿಟ್ಟೆ. ಅವರು ಮೇಣದಬತ್ತಿ ಹಚ್ಚಿ ಪ್ರಾರ್ಥನೆ ಮುಗಿಸಿದ ಮೇಲೆ ಅದು ಜಾಗ ಬಿಟ್ಟು ಹೊರಟಿತು. ನಿಜ ಹೇಳಿದಾಗ, ಸಬ್ಬತ್ ಮುಗಿಯುವ ಮೊದಲೇ ಬೆಂಕಿ ಹಚ್ಚಿದೆನಲ್ಲ ಎಂದು ನೊಂದುಕೊಂಡರು. ನನಗೆ ಸತ್ತು ಹೋಗುವಷ್ಟು ನಾಚಿಕೆಯಾಗಿತ್ತು.

ನಾನು ಹೇಳಹೊರಟಿರುವ ಶನಿವಾರ ಇಡೀ ಊರಿಗೆ ಧೂಳು ಕವಿದಿತ್ತು. ಅವರ ಒಬ್ಬಳೇ ಮಗಳು ಬೇರೆ ದೇಶದ ಆಸ್ಪತ್ರೆಯಲ್ಲಿದ್ದಳು. ಡಾಕ್ಟರುಗಳು ಆಸೆ ಬಿಟ್ಟಿದ್ದರು. ನಕ್ಷತ್ರ ಕಂಡ ಕೂಡಲೇ ಫೋನ್ ಮಾಡಬೇಕೆಂದು ಶುಕ್ರವಾರವೇ ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು. ಅವರು ದಿನವಿಡೀ ಊಟ ಮುಟ್ಟಲಿಲ್ಲ. ಸೂರ್ಯ ಮುಳುಗಿ ಕತ್ತಲಾದ ಮೇಲೆ ಧೂಳಿನ ನಡುವೆ ಹೇಗೋ ಎರಡು ಕಂಡವು. ಮೂರನೆಯದು ಇಲ್ಲ. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು.

ಆಗ ಅವರು ಕೈ ಎತ್ತಿ, "ಅಲ್ಲಿ ಬಂದಿದೆ ನೋಡಿ ಸಿಸ್ಟರ್," ಎಂದರು.

ಆ ಬೆರಳಿನ ನೇರಕ್ಕೆ ಬೆಳ್ಳಗೆ ಒಂದಿತ್ತು. ತೋರಿಸಿದವರಿಗೆ ಕಣ್ಣಿಲ್ಲ. ಹಿಂದಿನ ತಪ್ಪು ನೆನಪಾಗಿ, "ಸ್ವಲ್ಪ ನಿಲ್ಲಿ ಸರ್, ವಿಮಾನವಾ ಅಂತ ನೋಡ್ತೇನೆ," ಎಂದೆ. ಹತ್ತು ನಿಮಿಷ ನೋಡಿದೆ. ಕದಲಲಿಲ್ಲ, ಮಿನುಗಲೂ ಇಲ್ಲ. "ಆಯ್ತು ಸರ್, ಮೂರು," ಎಂದು ನಾನು ಹೇಳುವುದಕ್ಕೂ ಅದು ಆರಿಹೋಗುವುದಕ್ಕೂ ಸರಿಹೋಯಿತು.

ಫೋನನ್ನು ಅಳಿಯ ಎತ್ತಿದ. ಈಗಷ್ಟೇ ಹೋದಳು ಎಂದ. ಕೊನೆಯ ಹತ್ತು ನಿಮಿಷ ಎಚ್ಚರವಾಗಿದ್ದಳಂತೆ, ಅಪ್ಪನ ಫೋನ್ ಬಂತೇ ಎಂದು ಕೇಳುತ್ತಲೇ ಇದ್ದಳಂತೆ.

"ಆ ಧೂಳಲ್ಲಿ ನಕ್ಷತ್ರ ಎಂಥದ್ದು ಮಾರಾಯ್ತಿ, ಕ್ರೇನಿನ ಲೈಟ್ ಇರ್ಬೇಕು," ಎಂದರು ನನ್ನ ಗಂಡ. ಮರುದಿನ ಅದೇ ಜಾಗದಲ್ಲಿ ನಿಂತು ನೋಡಿದೆ. ಆ ದಿಕ್ಕಿನಲ್ಲಿ ಕ್ರೇನ್ ಇಲ್ಲ, ಕಟ್ಟಡವೂ ಇಲ್ಲ, ಬರೀ ಸಮುದ್ರ. ಅದು ಏನಾಗಿತ್ತು, ಅವರಿಗೆ ಹೇಗೆ ತಿಳಿಯಿತು, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಾದರೂ ಆ ಹತ್ತು ನಿಮಿಷ ವಾಪಸ್ ಬರುವುದಿಲ್ಲ. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಶನಿವಾರ ಆಕಾಶ ತೊಳೆದಿಟ್ಟಂತಿತ್ತು. ಮೂರಲ್ಲ, ಏಳೆಂಟು ಕಂಡವು. ಎಂದಿನ ರೂಢಿಯಂತೆ ಫೋನ್ ತಂದು ಅವರ ಕೈಗಿಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಇನ್ನು ಯಾರಿಗೆ ಮಾಡಲಿ, ಸಿಸ್ಟರ್?" ಎಂದು ಕೇಳಿದರು.