ರಟ್ಟಕ್ಕನ ಕಿವಿಗೋಡೆ

ಆ ಗೋಡೆಯನ್ನು ಯಾರು ಕಟ್ಟಿಸಿದರೆಂದು ಊರಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹಿಂದೆ ಕುದುರೆ ಪಳಗಿಸುತ್ತಿದ್ದ ಅಂಗಳದ ಸುತ್ತುಗೋಡೆಯಲ್ಲಿ ಉಳಿದ ಭಾಗ ಎಂದು ಕೆಲವರು, ಬತ್ತಿದ ಕೊಳದ ದಂಡೆ ಎಂದು ಇನ್ನು ಕೆಲವರು ಹೇಳುತ್ತಾರೆ. ವಿಶ್ವವಿದ್ಯಾಲಯದ ಹಿಂದಿನ ಬೀದಿಯಲ್ಲಿ, ಬಿಲ್ಲಿನಂತೆ ಬಾಗಿ, ನೂರ ಹನ್ನೆರಡು ಹೆಜ್ಜೆ ಉದ್ದಕ್ಕೆ ನಿಂತಿದೆ. ಅದರ ಒಳಬಾಗಿಗೆ ಬಾಯಿ ಹತ್ತಿರ ಇಟ್ಟು ಈ ತುದಿಯಲ್ಲಿ ಪಿಸುಗುಟ್ಟಿದರೆ, ಆ ತುದಿಯಲ್ಲಿ ಕಿವಿಯಿಟ್ಟವರಿಗೆ ಪಕ್ಕದಲ್ಲೇ ಕೂತು ಹೇಳಿದಷ್ಟು ಚೆನ್ನಾಗಿ ಕೇಳಿಸುತ್ತದೆ. ಬೀದಿಯ ನಡುವೆ ನಡೆದು ಹೋಗುವವರಿಗೆ ಏನೂ ಕೇಳಿಸದು. ಗೋಡೆಗೂ ಕಿವಿ ಇರುತ್ತದೆ ಎಂದು ನಾವೆಲ್ಲ ಗಾದೆಯಂತೆ ಹೇಳುತ್ತೇವೆ. ಆ ಊರಿನಲ್ಲಿ ಅದು ವಿಳಾಸ. "ಕಿವಿಗೋಡೆ ಹತ್ತಿರ ನಿಲ್ಸಿ" ಎಂದರೆ ಬಸ್ಸು ನಿಲ್ಲುತ್ತದೆ.

ಗೋಡೆಯ ಒಂದು ತುದಿಗೆ ಆತುಕೊಂಡು ಪುಸ್ತಕಗಳಿಗೆ ರಟ್ಟು ಹಾಕುವ ಸಣ್ಣ ಅಂಗಡಿಯಿದೆ. ಅಂಗಡಿ ನಡೆಸುವಾಕೆಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದ್ದರೂ ಎಲ್ಲರ ಬಾಯಲ್ಲಿ ಅವರು ರಟ್ಟಕ್ಕ. ಹಾಳೆಗಳು ಬಿಚ್ಚಿಹೋದ ಪ್ರಾರ್ಥನೆಯ ಪುಸ್ತಕವೊಂದನ್ನು ಹಿಡಿದು ಹೋದ ನನಗೆ, ಅದನ್ನು ಹೊಲಿಯುತ್ತ ಹೊಲಿಯುತ್ತ ಅವರು ಈ ಕಥೆ ಹೇಳಿದರು. ಅವರ ಅತ್ತೆಯ ಬಾಯಿಂದಲೂ ಕೇಳಿದ್ದೇನೆ. ಇಬ್ಬರ ಮಾತೂ ಒಂದೇ ಆಗಿತ್ತು. ಅತ್ತೆ ಸೊಸೆಯರ ವಿಷಯದಲ್ಲಿ ಅದೂ ಒಂದು ಸೋಜಿಗವೇ.

ರಟ್ಟಕ್ಕ ಮದುವೆಯಾಗಿ ಬಂದು ಮೂವತ್ತೊಂದು ವರ್ಷ. ಬಂದ ಮೂರನೆಯ ದಿನ ಅತ್ತೆ ಅವರನ್ನು ಅಂಗಡಿಯ ಮೂಲೆಯ ಮಣೆಯ ಮೇಲೆ ಕೂರಿಸಿ ಕೈಗೆ ದಬ್ಬಳ ಕೊಟ್ಟರು. ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಕಿವಿಯ ಪಕ್ಕದಲ್ಲೇ ಗಂಡು ದನಿಯೊಂದು, "ನಿನ್ನ ಬಿಟ್ರೆ ನಂಗೆ ಯಾರೂ ಇಲ್ಲ" ಎಂದಿತು. ಹೊಸ ಸೊಸೆ ಹೌಹಾರಿ ಎದ್ದು ಅಂಟಿನ ಪಾತ್ರೆಯನ್ನು ಉರುಳಿಸಿದಳು.

ಅತ್ತೆ ತಲೆ ಎತ್ತಲಿಲ್ಲ. "ನಿಂಗಲ್ಲ ಕಣೇ ಹೇಳಿದ್ದು. ಕೂತ್ಕೋ."

ಗೋಡೆಯ ನಡುವಿನ ಕಲ್ಲಿನ ಕಟ್ಟೆಯ ಮೇಲೆ ಕೂತು ವಿದ್ಯಾರ್ಥಿಗಳು ಮೆಲ್ಲಗೆ ಆಡುವ ಮಾತೆಲ್ಲ ಆ ಮೂಲೆಗೆ ಬಂದು ಬೀಳುತ್ತಿತ್ತು. ಆ ದಿನವೇ ಅತ್ತೆ ಕಸುಬಿನ ಮೊದಲ ಪಾಠ ಹೇಳಿದರು. "ಕಿವಿಗೆ ಬಾಗಿಲಿಲ್ಲ, ಬಾಯಿಗಿದೆ. ಗುಟ್ಟು ಬಂದ್ರೆ ರಟ್ಟಿನೊಳಗೆ ಇಟ್ಟು ಹೊಲಿದುಬಿಡು. ರಟ್ಟು ಮಾಡ್ಬೇಡ."

ಕೇಳಬಾರದ ಮಾತು ಶುರುವಾದರೆ ಅತ್ತೆ ಸುತ್ತಿಗೆ ತೆಗೆದು ಪುಸ್ತಕದ ಬೆನ್ನಿಗೆ ಮೂರು ಪೆಟ್ಟು ಹಾಕುತ್ತಿದ್ದರು. ಆ ಸದ್ದು ಗೋಡೆಯೊಳಗೇ ಓಡಿಹೋಗಿ, ಕಟ್ಟೆಯ ಮೇಲಿದ್ದವರು ಬೆಚ್ಚಿ ಮಾತು ನಿಲ್ಲಿಸುತ್ತಿದ್ದರು. ಹೀಗೆ ಹುಟ್ಟಿದ ನಂಬಿಕೆಯೊಂದು ಇವತ್ತಿಗೂ ವಿದ್ಯಾರ್ಥಿಗಳಲ್ಲಿದೆ: ಕಿವಿಗೋಡೆಯೊಳಗಿಂದ ಮೂರು ಬಡಿತ ಕೇಳಿಸಿದರೆ ಅಂದುಕೊಂಡದ್ದು ಆಗುತ್ತದಂತೆ. ಪರೀಕ್ಷೆಯ ದಿನಗಳಲ್ಲಿ ಸಾಲುಗಟ್ಟಿ ಬಂದು ಬೇಡಿಕೊಳ್ಳುವುದನ್ನು ನಾನೇ ನೋಡಿದ್ದೇನೆ.

ಆರು ವರ್ಷದ ಹಿಂದೆ ಅತ್ತೆಯ ಕಣ್ಣು ಪೂರ್ತಿ ಮಂಜಾಯಿತು. ಅವರ ಮನೆ ಇರುವುದು ಕಿವಿಗೋಡೆಯ ಇನ್ನೊಂದು ತುದಿಯಲ್ಲಿ. ಮಲಗುವ ಕೋಣೆಯ ಕಿಟಕಿ ಆ ಕಲ್ಲಿಗೇ ಅಂಟಿಕೊಂಡಿದೆ. ರಟ್ಟಕ್ಕನ ಗಂಡ ವಿಶ್ವವಿದ್ಯಾಲಯದ ಮುದ್ರಣಾಲಯಕ್ಕೆ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಥೀಸಿಸ್ ಒಪ್ಪಿಸುವ ತಿಂಗಳುಗಳಲ್ಲಿ ರಟ್ಟಕ್ಕನಿಗೆ ಅಂಗಡಿಯಿಂದ ಏಳಲು ಬಿಡುವಿಲ್ಲ. ಅತ್ತೆಯ ಮಂಚವನ್ನು ಆ ಕಿಟಕಿಗೆ ಸರಿಸಿದರು, ಅಷ್ಟೇ. ಉಳಿದದ್ದನ್ನು ಗೋಡೆ ನೋಡಿಕೊಂಡಿತು.

"ಅತ್ತೆ, ಮಾತ್ರೆ ತಗೊಂಡ್ರಾ?"

"ತಗೊಂಡೆ. ನೀನು ಊಟ ಮಾಡಿದ್ಯಾ, ಇಲ್ಲ ಅಂಟು ನೆಕ್ಕೊಂಡು ಕೂತಿದ್ಯಾ?"

ಒಂದು ಮಧ್ಯಾಹ್ನ ಅತ್ತೆ ಮಂಚದಿಂದ ಜಾರಿ ಬಿದ್ದಾಗ, ಕೂಗಲೂ ತ್ರಾಣವಿಲ್ಲದೆ "ಮಗಾ" ಎಂದು ಉಸಿರು ಬಿಟ್ಟದ್ದು ನೂರ ಹನ್ನೆರಡು ಹೆಜ್ಜೆ ದಾಟಿ ಬಂದಿತ್ತು. ರಟ್ಟಕ್ಕ ಕೈಯ ಅಂಟನ್ನೂ ಒರೆಸದೆ ಓಡಿದ್ದರು.

ಕಳೆದ ವರ್ಷ ಗೋಡೆಯ ನಡುಭಾಗ ಉಬ್ಬಿತು. ಎರಡು ಕಲ್ಲು ಉರುಳಿ ಬಿದ್ದವು. ವಿಶ್ವವಿದ್ಯಾಲಯದ ಕಟ್ಟಡ ವಿಭಾಗಕ್ಕೆ ಹೊಸದಾಗಿ ವರ್ಗವಾಗಿ ಬಂದಿದ್ದ ಇಂಜಿನಿಯರು ಮೇಸ್ತ್ರಿಯೊಂದಿಗೆ ಬಂದು ಅಳತೆ ತೆಗೆದರು. ಉಬ್ಬಿದ ಕಡೆ ಹದಿನೈದು ಹೆಜ್ಜೆಯಷ್ಟು ಕೆಡವಿ, ಆ ಜಾಗಕ್ಕೆ ಕಬ್ಬಿಣದ ಕಂಬಿ ನೆಡುವುದೆಂದು ತೀರ್ಮಾನವಾಯಿತು.

ರಟ್ಟಕ್ಕ ಹೋಗಿ ಕೈಮುಗಿದರು. "ಸಾರ್, ಕಂಬಿ ಹಾಕಿದ್ರೆ ಮಾತು ದಾಟಲ್ಲ. ನಮ್ಮತ್ತೆಗೆ ಕಣ್ಣಿಲ್ಲ. ಹಗಲೆಲ್ಲ ಈ ಗೋಡೆನೇ ಅವ್ರಿಗೆ ನಾನು."

ಇಂಜಿನಿಯರು ಒರಟರಲ್ಲ. "ಅದೇನಂದ್ರೆ ಅಮ್ಮಾ, ಮಕ್ಕಳು ಓಡಾಡೋ ಬೀದಿ. ಅದೇನಂದ್ರೆ, ಯಾರ ತಲೆ ಮೇಲಾದ್ರೂ ಬಿದ್ರೆ ಗೋಡೇನ ಕೇಳಕ್ಕಾಗುತ್ತಾ? ಮನೆಗೊಂದು ಫೋನ್ ಇಟ್ಕೊಳ್ಳಿ."

"ಫೋನು ಮಂಚದಿಂದ ಬಿದ್ದವರ ಉಸಿರು ಕೇಳಿಸ್ಕೊಳ್ಳಲ್ಲ ಸಾರ್."

"ಅದೇನಂದ್ರೆ, ಆರ್ಡರ್ ಆಗಿಹೋಗಿದೆಯಮ್ಮಾ. ಸೋಮವಾರ ಕೆಲಸ ಶುರು."

ಮೇಸ್ತ್ರಿ ಮಾತ್ರ ಹಿಂದೆ ಉಳಿದು ಹೇಳಿದ. "ನಂಬರ್ ಬರೆದು ಒಂದೊಂದೇ ಕಲ್ಲು ಇಳಿಸಿ, ಅದೇ ಬಾಗಿಗೆ ಮತ್ತೆ ಕೂರಿಸ್ಬಹುದಕ್ಕಾ. ಕೆಲಸ ಜಾಸ್ತಿ. ಅವ್ರು ಬರೆದುಕೊಟ್ರೆ ನಾನು ರೆಡಿ."

ರಟ್ಟಕ್ಕ ಅಂಗಡಿಗೆ ಮರಳಿ ದಬ್ಬಳ ಹಿಡಿಯುತ್ತಲೇ ಮೂಲೆಯಲ್ಲಿ ಅತ್ತೆಯ ದನಿ ಬಂತು. "ಯಾರೇ ಅದು ಗೋಡೆ ಹತ್ರ ನಿಂತು ಮಾತಾಡಿದ್ದು?"

"ಇಂಜಿನಿಯರ್ ಅತ್ತೆ."

"ಇಂಜಿನಿಯರಂತೆ ಇಂಜಿನಿಯರು. ಅವನು ನಮ್ಮ 'ಅದೇನಂದ್ರೆ' ಅಲ್ವೇನೇ?"

ರಟ್ಟಕ್ಕನ ಕೈಯ ದಬ್ಬಳ ನಿಂತುಹೋಯಿತು. ಮುಖ ಕಾಣದ ದನಿಗಳಿಗೆ ಅತ್ತೆ ಸೊಸೆ ತಾವೇ ಹೆಸರಿಟ್ಟುಕೊಳ್ಳುತ್ತಿದ್ದ ಕಾಲವೊಂದಿತ್ತು. ಇಪ್ಪತ್ತನಾಲ್ಕು ವರ್ಷದ ಹಿಂದೆ, ಮಾತಿಗೊಮ್ಮೆ ಅದೇನಂದ್ರೆ ಅನ್ನುವ ಹುಡುಗನೊಬ್ಬ ಒಂದಿಡೀ ತಿಂಗಳು ಸಂಜೆ ಒಬ್ಬನೇ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ. ಕೊನೆಯ ಸಂಜೆ ಅವನು ಗೋಡೆಗೆ ಒಂದು ಮಾತು ಹೇಳಿದ್ದ. ಅತ್ತೆಯ ಕೈ ಸುತ್ತಿಗೆ ಎತ್ತುವುದನ್ನು ಮರೆತದ್ದು ಅದೊಂದೇ ದಿನ.

ಆ ಮಾತು ಏನೆಂದು ರಟ್ಟಕ್ಕ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

"ಅತ್ತೆ, ಅದನ್ನ ಅವ್ರಿಗೆ ಹೇಳಿಬಿಡ್ಲಾ?"

"ಬೇಡ. ಹೆದರಿಸಿದ ಹಾಗಾಗುತ್ತೆ. ನಮ್ಮ ಅನುಕೂಲಕ್ಕೆ ಇನ್ನೊಬ್ಬರ ಗುಟ್ಟು ಬಿಚ್ಚೋದಾ?"

ರಟ್ಟಕ್ಕ ಎರಡು ದಿನ ಯೋಚಿಸಿದರು. ಭಾನುವಾರ ಮತ್ತೆ ಗೋಡೆಗೆ ಬಾಯಿಟ್ಟರು. "ಅವ್ರದ್ದನ್ನ ಅವ್ರಿಗೇ ವಾಪಸ್ ಕೊಡ್ತೀನಿ ಅತ್ತೆ. ಮೂರನೆಯವರ ಕೈಗೆ ಹೋದ್ರೆ ತಾನೇ ರಟ್ಟು? ಆಮೇಲೆ ಕೆಡವಿದ್ರೂ ಕೆಡವಲಿ, ನಾನು ಇನ್ನೊಂದು ಮಾತಾಡಲ್ಲ."

ಆ ಕಡೆ ಮಂಚ ಕಿರುಗುಟ್ಟಿತು. ಆಮೇಲೆ, "ಮೆತ್ತಗೆ ಹೇಳು. ಹುಡುಗ ಹೆದರಿಯಾನು" ಎಂದು ಬಂತು. ಹುಡುಗನಿಗೆ ಆಗ ನಲವತ್ತಾರು ವರ್ಷ.

ಸೋಮವಾರ ಬೆಳಿಗ್ಗೆ ಹಾರೆ, ಬುಟ್ಟಿ ಎಲ್ಲ ಬಂದಿಳಿದಿದ್ದವು. ರಟ್ಟಕ್ಕ ಇಂಜಿನಿಯರ ಮುಂದೆ ನಿಂತು ಒಂದೇ ಒಂದು ಬೇಡಿಕೆ ಇಟ್ಟರು. "ಕೆಡವೋ ಮುಂಚೆ ಒಂದ್ಸಲ ಆ ತುದಿಗೆ ಹೋಗಿ ಕಿವಿ ಇಡಿ ಸಾರ್. ಒಬ್ಬರೇ."

ಅವರು ಗಡಿಯಾರ ನೋಡಿಕೊಂಡು, ನಕ್ಕು, ಹೊರಟರು. ಆ ತುದಿಯಲ್ಲಿ ಕಿವಿಯಿಟ್ಟದ್ದು ದೂರದಿಂದ ಕಂಡಿತು. ರಟ್ಟಕ್ಕ ಅಂಗಡಿಯ ಮೂಲೆಗೆ ಬಂದು, ಗೋಡೆಗೆ ತುಟಿ ತಾಗುವಷ್ಟು ಹತ್ತಿರ ಕೂತು, ಇಪ್ಪತ್ತನಾಲ್ಕು ವರ್ಷ ಇಟ್ಟುಕೊಂಡಿದ್ದ ಆ ಒಂದು ಸಾಲನ್ನು ಹಾಗೆಯೇ, ಅದೇನಂದ್ರೆಯನ್ನೂ ಬಿಡದೆ, ಹೇಳಿದರು. ಒಳಗೆ ಅತ್ತೆ ತಮ್ಮ ಕಿಟಕಿ ಮುಚ್ಚಿಕೊಂಡಿದ್ದರಂತೆ. ಹಳೆಯ ಮಾತಾದರೂ ಅದು ತಮಗೆ ಹೇಳಿದ್ದಲ್ಲ ಎಂದು.

ಇಂಜಿನಿಯರು ಕಿವಿ ತೆಗೆಯಲಿಲ್ಲ. ಮೇಸ್ತ್ರಿ ಎರಡು ಸಲ ಕರೆದ. ಅವರು ಹಾಗೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು, ಅಂಗೈಯನ್ನು ಕಲ್ಲಿನ ಮೇಲಿಟ್ಟು. ಬಹಳ ಹೊತ್ತಿನ ಮೇಲೆ ಎದ್ದು ಬಂದಾಗ ಕೆನ್ನೆಯ ಒಂದು ಪಕ್ಕಕ್ಕೆ ಗೋಡೆಯ ಧೂಳು ಮೆತ್ತಿತ್ತು.

"ಇದು ಯಾರಿಗಾದ್ರೂ..." ಎಂದರು.

"ಇವತ್ತಿನವರೆಗೂ ರಟ್ಟಿನೊಳಗಿತ್ತು ಸಾರ್. ಇವತ್ತು ನಿಮಗೆ ಒಪ್ಪಿಸಿದೆ."

ಅವರು ಕೆನ್ನೆಯ ಧೂಳು ಒರೆಸಿಕೊಂಡರು. ಮೇಸ್ತ್ರಿಯ ಕಡೆ ತಿರುಗಿ, "ಹಾರೆ ಕೆಳಗಿಡಿ. ಕಲ್ಲಿಗೆಲ್ಲ ನಂಬರ್ ಬರೀರಿ" ಎಂದರು. ಆ ಮಾತಿನಲ್ಲಿ ಅದೇನಂದ್ರೆ ಇರಲಿಲ್ಲ ಎಂದು ರಟ್ಟಕ್ಕ ಈಗಲೂ ನೆನೆಸಿಕೊಳ್ಳುತ್ತಾರೆ. ಎಲ್ಲವನ್ನೂ ಕೇಳಿಸಿಕೊಂಡು, ಯಾರಿಗೂ ಹೇಳದೆ ಇಟ್ಟುಕೊಳ್ಳುವ ಕಿವಿ ದೇವರದೊಂದೇ ಎಂದು ನಾನು ಅಂದುಕೊಂಡಿದ್ದೆ. ಆ ಅಂಗಡಿಯ ಮಣೆಯ ಮೇಲೆ ಕೂತು ಇದನ್ನು ಕೇಳುವಾಗ ನನ್ನ ಕೈ ತಾನಾಗಿ ಮುಗಿದಿತ್ತು.

ಆದರೆ ಅರ್ಧ ಕೆಲಸ ಬಾಕಿಯಿತ್ತು. ಮುನ್ನೂರ ನಾಲ್ಕು ಕಲ್ಲು ಇಳಿದವು, ಸುಣ್ಣದ ಗಾರೆಯಲ್ಲಿ ಮತ್ತೆ ಏರಿದವು. ಬಾಗು ಒಂದು ಬೆರಳು ತಪ್ಪಿದರೂ ಮಾತು ದಾಟುವುದು ಅನುಮಾನ ಎಂದು ಮೇಸ್ತ್ರಿ ಮೊದಲೇ ಹೇಳಿದ್ದ. ಗಾರೆ ಹದವಾಗಿ ಆರಲೆಂದು ಮೂರು ವಾರ ಒದ್ದೆ ಗೋಣಿ ಹೊದಿಸಿದರು. ಅಷ್ಟು ದಿನ ಗೋಡೆ ಮೂಕ. ರಟ್ಟಕ್ಕ ಗಂಟೆಗೊಮ್ಮೆ ಅಂಗಡಿಗೆ ಬೀಗ ಹಾಕಿ ಮನೆಗೆ ಓಡುತ್ತಿದ್ದರು. "ಕಾಲಿನಲ್ಲಿ ಮಾತಾಡೋ ಸೊಸೆ ಆಗ್ಬಿಟ್ಟೆ ನೀನು" ಎಂದು ಅತ್ತೆ ನಗುತ್ತಿದ್ದರೂ ಊಟ ಅರ್ಧಕ್ಕೇ ಬಿಡುತ್ತಿದ್ದರು.

ಗೋಣಿ ತೆಗೆದ ಬೆಳಿಗ್ಗೆ ಮೇಸ್ತ್ರಿ, ಇಂಜಿನಿಯರು ಅಂಗಡಿಯ ಬಾಗಿಲಲ್ಲಿ ನಿಂತರು. ರಟ್ಟಕ್ಕ ಮೂಲೆಯಲ್ಲಿ ಕೂತು ಕರೆದರು.

"ಅತ್ತೆ."

ಏನೂ ಬರಲಿಲ್ಲ. ಮೇಸ್ತ್ರಿ ನೆಲ ನೋಡಿದ. ರಟ್ಟಕ್ಕ ಇನ್ನೊಮ್ಮೆ ಕರೆದರು. "ಅತ್ತೆ, ಕೇಳಿಸ್ತಾ ಇದ್ಯಾ?"

ಆಗ, ಪಕ್ಕದಲ್ಲೇ ಕೂತವರಷ್ಟು ಹತ್ತಿರದಿಂದ, ಗದರುವ ಪಿಸುಮಾತು ಬಂತು.

"ಷ್, ಸುಮ್ನಿರೇ. ಕಟ್ಟೆ ಮೇಲೆ ಯಾವುದೋ ಹುಡುಗಿ ಈ ಕಡೆ ಮುಖ ಮಾಡ್ಕೊಂಡು ಏನೋ ಹೇಳ್ಕೋತಿದ್ದಾಳೆ. ಕೇಳೋ ಮಾತಲ್ಲ ಅದು. ಸುತ್ತಿಗೆ ತಗೋ."

ರಟ್ಟಕ್ಕ ಕಣ್ಣೊರೆಸಿಕೊಂಡು ಸುತ್ತಿಗೆ ತೆಗೆದುಕೊಂಡರು. ಮುಂದಿದ್ದ ಪುಸ್ತಕದ ಬೆನ್ನಿಗೆ ಮೂರು ಪೆಟ್ಟು ಹಾಕಿದರು.